ಮುಂಗಾರಿಗೆ ಮುನ್ನ ಟ್ರ್ಯಾಕ್ಟರ್ ಕ್ಲಚ್ ಬದಲಾವಣೆ: ಸಮಯದ ಯೋಜನೆ

ಉಳುಮೆ ಮತ್ತು ಸಾಗಾಣಿಕೆಯ ಜೊತೆಗೆ ಟ್ರ್ಯಾಕ್ಟರಿನ ಮೇಲೆ ಈಗ ರೋಟವೇಟರಿನ ಭಾರವೂ ಬಿದ್ದಿದೆ. ಎಂಜಿನ್ನಿನ ಶಕ್ತಿ ಗೇರ್ ಬಾಕ್ಸಿಗೆ ದಾಟುವುದು ಕ್ಲಚ್ಚಿನ ಮೂಲಕ. ಆದ್ದರಿಂದ ಭಾರ ಹೆಚ್ಚಿದಂತೆ ಮೊದಲು ಸವೆಯುವ ಭಾಗಗಳಲ್ಲಿ ಕ್ಲಚ್ ಪ್ಲೇಟ್ ಒಂದು. ಯಂತ್ರದ ಕೆಲಸ ಬಲ್ಲ ಕೆಲವು ರೈತರು ಸವೆದ ಪ್ಲೇಟನ್ನು ಮನೆಯ ಶೆಡ್ಡಿನಲ್ಲಿಯೇ ತೆಗೆದು, ಹೆಚ್ಚು ಭಾರ ತಾಳುವ ಪ್ಲೇಟ್ ಕೂಡಿಸಿಕೊಳ್ಳುವುದುಂಟು. ಬಹಳ ಸಲ ತೊಂದರೆ ಬರುವುದು ಸಮಯದ ಲೆಕ್ಕ ತಪ್ಪಿದಾಗ. ಎರಡು ಹೋಳಾಗಿ ಬಿಚ್ಚಿಟ್ಟ ಟ್ರ್ಯಾಕ್ಟರ್ ಒಂದು ಆಯಿಲ್ ಸೀಲಿಗಾಗಿ ಕಾಯುತ್ತಿರುವಾಗ ಹದವಾದ ಮಳೆ ಬಿದ್ದರೆ ಆ ವರ್ಷದ ಬಿತ್ತನೆಯೇ ಹಿಂದೆ ಬೀಳುತ್ತದೆ.

ತಡವಾದರೆ ಆಗುವ ನಷ್ಟ

ಕೆಂಪು ಭೂಮಿಯಲ್ಲಿ ತೇವ ಬೇಗ ಆರುತ್ತದೆ. ಮಳೆ ನಿಂತ ಮೇಲೆ ಬಿತ್ತನೆಗೆ ಸಿಗುವ ಹದ ಕೆಲವೇ ದಿನ. ಎರೆ ಭೂಮಿಯಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ. ಆದರೆ ಮಳೆ ಬಿಡದೆ ಹಿಡಿದರೆ ಟ್ರ್ಯಾಕ್ಟರ್ ಹೊಲಕ್ಕೆ ಇಳಿಯಲಾಗದು. ಎರಡೂ ಕಡೆ ಕೆಲಸಕ್ಕೆ ಒದಗುವ ದಿನಗಳು ಎಣಿಕೆಯವು.

ಮುಂಗಾರಿ ಜೋಳವನ್ನು ತಡವಾಗಿ ಬಿತ್ತಿದರೆ ಸುಳಿ ನೊಣದ ಬಾಧೆ ಹೆಚ್ಚುತ್ತದೆ. ಉತ್ತರ ಕರ್ನಾಟಕದ ಎರೆ ಭೂಮಿಯಲ್ಲಿ ಹೆಸರು ತಡವಾದರೆ ಅದರ ಕೊಯ್ಲೂ ತಡವಾಗಿ, ಹಿಂದಿನಿಂದ ಬರುವ ಹಿಂಗಾರಿ ಜೋಳ, ಕಡಲೆಗೆ ಭೂಮಿ ಸಿದ್ಧವಾಗುವುದಿಲ್ಲ. ಆ ಹೊತ್ತಿಗೆ ಬಾಡಿಗೆ ಟ್ರ್ಯಾಕ್ಟರ್ ಸಿಗುವುದೂ ಕಷ್ಟ. ಎಲ್ಲರ ಹೊಲಕ್ಕೂ ಹದ ಒಂದೇ ದಿನ ಬಂದಿರುತ್ತದೆ.

ಮೊದಲು ಪರೀಕ್ಷೆ, ಅನಂತರ ನಿರ್ಧಾರ

ಭಾರ ಬಿದ್ದಾಗ ಎಂಜಿನ್ನಿನ ವೇಗ ಏರಿದರೂ ಟ್ರ್ಯಾಕ್ಟರ್ ಮುಂದೆ ಸಾಗದಿದ್ದರೆ, ಅಥವಾ ಸುಟ್ಟ ವಾಸನೆ ಬಂದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯಬೇಕು. ಆದರೆ ಕೂಡಲೇ ಬಿಚ್ಚಬಾರದು. ಪೆಡಲಿನ ಸಡಿಲು ಆಟವನ್ನು ಮೊದಲು ಅಳೆಯಬೇಕು. ಆಟ ಇಲ್ಲವಾಗಿದ್ದರೆ, ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಸರಿಪಡಿಸುವುದರಿಂದಲೇ ಜಾರುವುದು ನಿಲ್ಲಬಹುದು. ಹೀಗೆ ಮಾಡಿಯೂ ಜಾರಿದರೆ ಮಾತ್ರ ಪ್ಲೇಟ್ ಬದಲಾವಣೆಯ ಮಾತು. ಟ್ರ್ಯಾಕ್ಟರ್ ಇನ್ನೂ ವಾರಂಟಿಯಲ್ಲಿದ್ದರೆ ಸ್ವತಃ ಬಿಚ್ಚದೆ ಮಾರಾಟಗಾರರಿಗೆ ತಿಳಿಸುವುದು ಸರಿ.

ಯಾವ ಪ್ಲೇಟ್ ಎಂಬುದನ್ನೂ ಈ ಹಂತದಲ್ಲಿಯೇ ನಿರ್ಧರಿಸಬೇಕು. ಸೆರಾಮಿಕ್ ಗುಂಡಿಗಳಿರುವ ಪ್ಲೇಟ್ ಸಾಮಾನ್ಯ ಪ್ಲೇಟಿಗಿಂತ ಹೆಚ್ಚು ಶಾಖ ತಾಳುತ್ತದೆ. ಆದರೆ ಅದು ಜಗ್ಗಿ ಹಿಡಿಯುತ್ತದೆ, ಫ್ಲೈವೀಲಿನ ಮೈಯನ್ನೂ ಬೇಗ ಸವೆಸುತ್ತದೆ. ರೋಟವೇಟರ್, ಭಾರದ ನೇಗಿಲು ಹೆಚ್ಚಾಗಿ ಬಳಸುವವರಿಗೆ ಅದು ಒಪ್ಪುತ್ತದೆ. ಟ್ರೇಲರ್ ಹೂಡಿ ಮತ್ತೆ ಮತ್ತೆ ಹಿಂದೆ ಮುಂದೆ ಮಾಡುವವರಿಗೆ ಸಾಮಾನ್ಯ ಪ್ಲೇಟ್ ಲೇಸು. ಒಂಟಿ ಕ್ಲಚ್ಚನ್ನು ಜೋಡಿ ಕ್ಲಚ್ಚಾಗಿ ಮಾರ್ಪಡಿಸುವ ಯೋಚನೆ ಇದ್ದರೆ ಇನ್ನೂ ಎಚ್ಚರ ಬೇಕು. ಜೋಡಿ ಕ್ಲಚ್ಚಿಗೆ ಒಂದರೊಳಗೊಂದು ತಿರುಗುವ ಎರಡು ಶಾಫ್ಟುಗಳಿರಬೇಕು. ಗೇರ್ ಬಾಕ್ಸಿನಲ್ಲಿ ಆ ಏರ್ಪಾಡು ಇಲ್ಲದಿದ್ದರೆ ಕೆಲಸ ಗೇರ್ ಬಾಕ್ಸಿನ ಒಳಗೂ ಹೋಗುತ್ತದೆ. ಅದು ಮನೆಯಲ್ಲಿ ಕೈಹಾಕುವ ಕೆಲಸವಲ್ಲ.

ಕೆಲಸದ ಕಾಲ ಮತ್ತು ಕಾಯುವ ಕಾಲ

ದಿನವೂ ಇದೇ ಕೆಲಸ ಮಾಡುವ ಮೆಕ್ಯಾನಿಕ್ ಬೇಗ ಮುಗಿಸುವುದನ್ನು ನೋಡಿ ಮನೆಯಲ್ಲಿಯೂ ಅಷ್ಟೇ ಸಾಕೆಂದು ತಿಳಿಯುವುದು ಸರಿಯಲ್ಲ. ಆತನ ಬಳಿ ಸ್ಟ್ಯಾಂಡ್, ಸಾಧನ, ಬಿಡಿಭಾಗ ಎಲ್ಲವೂ ಕೈಗೆಟಕುವಂತಿರುತ್ತವೆ. ಮನೆಯಲ್ಲಿ ಸ್ಪ್ಯಾನರ್ ಹಿಡಿಯುವ ಗಂಟೆಗಳಿಗಿಂತ ಕಾಯುವ ದಿನಗಳೇ ಹೆಚ್ಚು. ಬಿಡಿಭಾಗ ಬರಬೇಕು, ಫ್ಲೈವೀಲ್ ಲೇತಿಗೆ ಹೋಗಿ ಬರಬೇಕು, ಬಿಚ್ಚಿದ ಮೇಲೆ ಕಂಡ ಹೊಸ ದೋಷಕ್ಕೆ ಮತ್ತೆ ಪೇಟೆಗೆ ಹೋಗಬೇಕು. ಯೋಜನೆಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ಕಾಯುವ ಕಾಲ ಕಡಿಮೆ ಮಾಡಲು ಇರುವ ಉಪಾಯ ಒಂದೇ: ಬಿಚ್ಚುವ ಮೊದಲೇ ಎಲ್ಲವನ್ನೂ ತಂದಿಡುವುದು. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಮತ್ತು ಗೇರ್ ಬಾಕ್ಸಿನ ಮುಂದಿನ ಸೀಲುಗಳನ್ನು ಒಟ್ಟಿಗೆ ತರಬೇಕು. ಹೊಸ ಪ್ಲೇಟಿನ ಮೇಲೆ ಹಳೆಯ ಸೀಲಿನಿಂದ ಎಣ್ಣೆ ಸೋರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಕೊಳ್ಳುವಾಗ ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ತೋರಿಸಬೇಕು. ಒಂದೇ ಹೆಸರಿನ ಟ್ರ್ಯಾಕ್ಟರಿನಲ್ಲಿಯೂ ಪ್ಲೇಟಿನ ವ್ಯಾಸ ಮತ್ತು ಹಲ್ಲುಗಳ ಎಣಿಕೆ ಬೇರೆಯಾಗಿರಬಹುದು.

ಹಿಂದಿನಿಂದ ಎಣಿಸುವ ಕ್ರಮ

ಟ್ರ್ಯಾಕ್ಟರ್ ಸಿದ್ಧವಿರಬೇಕಾದ ದಿನವನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಭರಣಿ ಮಳೆಯ ಕಾಲ ಏಪ್ರಿಲ್ ಕೊನೆಗೆ ಆರಂಭವಾಗುತ್ತದೆ. ಆ ತೇವದಲ್ಲಿ ಭೂಮಿ ಹದಮಾಡುವ ಕೆಲಸ ಹಿಡಿಯಬೇಕಾದರೆ ಏಪ್ರಿಲ್ 15ಕ್ಕೆ ಟ್ರ್ಯಾಕ್ಟರ್ ಸಿದ್ಧವಿರಬೇಕು. ಮೊದಲ ಸಲ ಮಾಡುವವರಿಗೆ ಮಾದರಿ ಯೋಜನೆ ಹೀಗಿರಬಹುದು:

1. ಫೆಬ್ರವರಿ 20ರೊಳಗೆ: ಪರೀಕ್ಷೆ ಮತ್ತು ನಿರ್ಧಾರ.
2. ಫೆಬ್ರವರಿ ಕೊನೆ: ಬಿಡಿಭಾಗಗಳಿಗೆ ಬೇಡಿಕೆ. ಲೇತ್ ಕೆಲಸದವರೊಡನೆ ದಿನ ಗೊತ್ತುಮಾಡುವುದು.
3. ಮಾರ್ಚ್ 24: ಎಲ್ಲ ಭಾಗಗಳೂ ಕೈಯಲ್ಲಿ, ನಂಬರ್ ತಾಳೆ ನೋಡುವುದು.
4. ಮಾರ್ಚ್ 27, 28: ಬಿಚ್ಚುವುದು, ಶುಚಿ ಮಾಡಿ ಪರೀಕ್ಷಿಸುವುದು (2 ದಿನ).
5. ಮಾರ್ಚ್ 29ರಿಂದ ಏಪ್ರಿಲ್ 2: ಲೇತ್ ಕೆಲಸ, ಹೊಸದಾಗಿ ಕಂಡ ಭಾಗಗಳ ಖರೀದಿ (5 ದಿನ).
6. ಏಪ್ರಿಲ್ 3ರಿಂದ 5: ಜೋಡಣೆ ಮತ್ತು ಪೆಡಲ್ ಹೊಂದಾಣಿಕೆ (3 ದಿನ).
7. ಏಪ್ರಿಲ್ 6, 7: ಹಗುರ ಭಾರದಲ್ಲಿ ಓಡಿಸಿ ನೋಡುವುದು (2 ದಿನ).
8. ಏಪ್ರಿಲ್ 8ರಿಂದ 14: ಮೀಸಲು ವಾರ.

ಮೀಸಲು ವಾರವನ್ನು ಮದುವೆ, ಜಾತ್ರೆ ಅಥವಾ ಬಾಡಿಗೆ ಕೆಲಸಕ್ಕೆ ಮೊದಲೇ ಒಪ್ಪಿಕೊಳ್ಳಬಾರದು. ಯುಗಾದಿ ಈ ದಿನಗಳ ನಡುವೆ ಬಂದರೆ ಅಂಗಡಿ, ಲೇತ್ ಮುಚ್ಚಿರುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿಗೆ ಕಾರ್ಖಾನೆ ನಿಂತ ಮೇಲೆಯೇ ಬಿಡುವು. ಅಂಥವರು ಬಿಡಿಭಾಗಗಳನ್ನು ಕಾರ್ಖಾನೆ ನಡೆಯುತ್ತಿರುವಾಗಲೇ ತಂದಿಟ್ಟುಕೊಳ್ಳಬೇಕು.

ಅವಸರ ಸಲ್ಲದ ಹಂತಗಳು

ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನ ಕೀಲಿನ ಮೇಲೆ ತೂಗುತ್ತದೆ. ಗೇರ್ ಬಾಕ್ಸಿನಿಂದ ಬೇರ್ಪಡಿಸಿದ ಕೂಡಲೇ ಎಂಜಿನ್ ಭಾಗ ಪಕ್ಕಕ್ಕೆ ವಾಲಿ ಬೀಳಬಹುದು. ಅಚ್ಚಿನ ಎರಡೂ ಬದಿಗೆ ಗಟ್ಟಿ ಮರದ ಬೆಣೆ ಬಡಿದು, ಎಂಜಿನ್ ಮತ್ತು ಗೇರ್ ಬಾಕ್ಸ್ ಎರಡರ ಕೆಳಗೂ ಸ್ಟ್ಯಾಂಡ್ ಕೊಡದೆ ಬೋಲ್ಟ್ ಸಡಿಲಿಸಬಾರದು. ಜ್ಯಾಕೊಂದನ್ನೇ ನಂಬಬಾರದು. ನೆಲ ಸಮತಟ್ಟಾದ ಗಾರೆಯ ನೆಲವಾಗಿರಬೇಕು. ಬ್ಯಾಟರಿಯ ತಂತಿ ಮೊದಲೇ ಬಿಡಿಸಿರಬೇಕು. ಕೆಲಸಕ್ಕೆ ಇಬ್ಬರು ಬೇಕು, ಅವರಲ್ಲಿ ಒಬ್ಬರಾದರೂ ಹಿಂದೆ ಈ ಕೆಲಸ ಮಾಡಿದವರಾಗಿರಬೇಕು. ಮಕ್ಕಳು ಹತ್ತಿರ ಸುಳಿಯಬಾರದು.

ಹಳೆಯ ಪ್ಲೇಟಿನ ಪುಡಿಯಲ್ಲಿ ಕಲ್ನಾರು ಇರಬಹುದು. ಅದನ್ನು ಗಾಳಿ ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಫ್ಲೈವೀಲಿನ ಮೈಮೇಲೆ ನೀಲಿ ಕಲೆ, ಬಿರುಕು, ಗೀರು ಇವೆಯೇ ಎಂದು ನೋಡಬೇಕು. ಬಿರುಕು ಆಳವಾಗಿದ್ದರೆ ಲೇತಿನಿಂದ ಸರಿಯಾಗದು, ಬದಲಿಸಬೇಕು. ಮೆಟ್ಟಿಲಿರುವ ಫ್ಲೈವೀಲಿನಲ್ಲಿ ಪ್ಲೇಟ್ ಉಜ್ಜುವ ಮೈಯಿಂದ ತೆಗೆದಷ್ಟನ್ನೇ ಪ್ರೆಶರ್ ಪ್ಲೇಟ್ ಕೂರುವ ಮೈಯಿಂದಲೂ ತೆಗೆಯಬೇಕು. ಇಲ್ಲವಾದರೆ ಒತ್ತಡ ಕಡಿಮೆಯಾಗಿ ಹೊಸ ಕ್ಲಚ್ಚೂ ಜಾರುತ್ತದೆ.

ಕೂಡಿಸುವಾಗ ಎರಡು ಭಾಗಗಳೂ ಒತ್ತಾಯವಿಲ್ಲದೆ ಸೇರಬೇಕು. ಸಂದಿ ಉಳಿದಿದ್ದರೆ ಬೋಲ್ಟ್ ಬಿಗಿದು ಎಳೆಯಬಾರದು. ಹಾಗೆ ಎಳೆದರೆ ಪ್ಲೇಟಿನ ನಡುಭಾಗ ಬಾಗುತ್ತದೆ, ಕೆಲವೊಮ್ಮೆ ಹೌಸಿಂಗಿನ ಕಿವಿಯೇ ಒಡೆಯುತ್ತದೆ. ಸಂಜೆಯ ಹೊತ್ತಿನಲ್ಲಿ, ದಣಿದ ಕೈಯಿಂದ ಈ ಹಂತಕ್ಕೆ ತೊಡಗದೆ ಮರುದಿನ ಬೆಳಿಗ್ಗೆ ಮಾಡುವುದು ಕ್ಷೇಮ.

ಬಿಚ್ಚಬಾರದ ದಿನ

ಮೇಲಿನ ಲೆಕ್ಕದಲ್ಲಿ ಮೀಸಲು ವಾರ ಬಿಟ್ಟು 12 ದಿನ ಬೇಕು. ಆದ್ದರಿಂದ ಬಿಚ್ಚಲು ಕಟ್ಟಕಡೆಯ ದಿನ ಏಪ್ರಿಲ್ 3. ಅಷ್ಟರೊಳಗೆ ಎಲ್ಲ ಭಾಗಗಳೂ ಕೈಸೇರದಿದ್ದರೆ, ಅಥವಾ ಲೇತಿನವರು ದಿನ ಕೊಡದಿದ್ದರೆ, ಟ್ರ್ಯಾಕ್ಟರ್ ಬಿಚ್ಚಬಾರದು. ಕ್ಲಚ್ ಸ್ವಲ್ಪವೇ ಜಾರುತ್ತಿದ್ದರೆ ರೋಟವೇಟರನ್ನು ಬಾಡಿಗೆಯವರಿಗೆ ಬಿಟ್ಟು, ಹಗುರ ಕುಂಟೆ ಮತ್ತು ಕೂರಿಗೆಯ ಕೆಲಸಕ್ಕೆ ಮಾತ್ರ ಟ್ರ್ಯಾಕ್ಟರ್ ಬಳಸಬಹುದು. ಬಹಳವಾಗಿ ಜಾರುತ್ತಿದ್ದರೆ ಕೂಡಲೇ ವರ್ಕ್‌ಶಾಪಿಗೆ ಒಪ್ಪಿಸಬೇಕು. ಅಲ್ಲಿ ಕೊಡುವ ಕೂಲಿ, ತಪ್ಪಿದ ಬಿತ್ತನೆಯ ನಷ್ಟಕ್ಕಿಂತ ಕಡಿಮೆ.

ವಿಸ್ತರಣಾ ಕಾರ್ಯಕರ್ತರು ಫೆಬ್ರವರಿಯ ಗ್ರಾಮ ಸಭೆಗಳಲ್ಲಿ ಬೀಜ, ಗೊಬ್ಬರದ ಮಾತಿನ ಜೊತೆಗೆ ಈ ದಿನಗಳ ಪಟ್ಟಿಯನ್ನೂ ತಿಳಿಸಿಕೊಡಬೇಕು. ಮಳೆಯ ದಿನ ರೈತರ ಕೈಯಲ್ಲಿಲ್ಲ. ಟ್ರ್ಯಾಕ್ಟರ್ ಬಿಚ್ಚುವ ದಿನ ಅವರ ಕೈಯಲ್ಲಿದೆ.