ಕ್ರಿಮಿನಾಲಜಿ ಸೀಟಿಗೆ ಅರ್ಜಿ ಹಾಕುವ ಮುನ್ನ

ಹೊಸ ಅಪರಾಧ ಕಾನೂನುಗಳು 2024ರ ಜುಲೈ 1ರಂದು ಜಾರಿಗೆ ಬಂದ ಮೇಲೆ ವಕೀಲರಿಗೆ ಎದುರಾಗುವ ಪ್ರಶ್ನೆಗಳ ಸಾಲಿಗೆ ಇನ್ನೊಂದು ಸೇರಿದೆ: 'ಮಗಳು ಬಿಎಸ್ಸಿ ಮುಗಿಸಿದ್ದಾಳೆ, ಫೊರೆನ್ಸಿಕ್ ಓದಿಸಬಹುದಾ?' ಕೇಳುವುದರಲ್ಲಿ ಅರ್ಥವಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧ ನಡೆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ವಿಡಿಯೊ ಮಾಡಿಸಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 176(3). ಇದಕ್ಕೆ ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವಿದೆ. ಅಷ್ಟು ತಜ್ಞರು ಎಲ್ಲಿಂದ ಬರಬೇಕು? ಈ ಪ್ರಶ್ನೆಯ ಬೆನ್ನಿಗೇ ಕೋರ್ಸುಗಳ ಜಾಹೀರಾತುಗಳು ಬಂದಿವೆ. ಜಾಹೀರಾತು ಹೇಳದ ಕೆಲವು ಸಂಗತಿಗಳಿಗಾಗಿ ಈ ಲೇಖನ.

ಮೊದಲು ಬಾಗಿಲು ಯಾವುದೆಂದು ನೋಡಿಕೊಳ್ಳಬೇಕು. ಅಪರಾಧ ಕಾನೂನಿನಲ್ಲಿ ಎಲ್‌ಎಲ್‌ಎಂ ಮಾಡಬೇಕಾದರೆ ಕಾನೂನು ಪದವಿ ಇರಲೇಬೇಕು. ಬಿಎ, ಬಿಕಾಂ ಮಾಡಿದವರಿಗೆ ಅಲ್ಲಿ ಪ್ರವೇಶವಿಲ್ಲ. ಬೆಂಗಳೂರಿನದೂ ಸೇರಿದಂತೆ ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಎಲ್‌ಎಲ್‌ಎಂಗೆ ಕ್ಲಾಟ್ ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಎಲ್‌ಎಲ್‌ಬಿಯಲ್ಲಿ ಸಾಮಾನ್ಯ ಮತ್ತು ಒಬಿಸಿ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ ಶೇ 45 ಅಂಕ ಬೇಕು. ವಯಸ್ಸಿನ ಮಿತಿಯಿಲ್ಲ. 120 ಪ್ರಶ್ನೆ, ಎರಡು ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ, ಮಾಧ್ಯಮ ಇಂಗ್ಲಿಷ್ ಮಾತ್ರ. ಕನ್ನಡದಲ್ಲಿ ಕಾನೂನು ಓದಿದವರಿಗೆ ಇದು ನಿಜವಾದ ಅಡ್ಡಗೋಡೆ. ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಎರಡು ವರ್ಷದ ಎಲ್‌ಎಲ್‌ಎಂ ಅಂಥವರು ಮರೆಯಬಾರದ ದಾರಿ.

ವಿಧಿವಿಜ್ಞಾನದ ಎಂಎಸ್ಸಿಗೆ ವಿಜ್ಞಾನದ ಪದವಿ ಬೇಕು. 2020ರ ಕಾಯ್ದೆಯಡಿ ಸ್ಥಾಪನೆಯಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ ಸ್ಥಾನ ಗುಜರಾತಿನ ಗಾಂಧಿನಗರ. ಧಾರವಾಡದಲ್ಲೂ ಅದರ ಕ್ಯಾಂಪಸ್ ಇದೆ. ಪೊಲೀಸ್ ಆಡಳಿತ ಮತ್ತು ಆಂತರಿಕ ಭದ್ರತೆಯ ಕಡೆ ಒಲವಿದ್ದರೆ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯವಿದೆ, ಅದರ ಕ್ಯಾಂಪಸ್ ಶಿವಮೊಗ್ಗದಲ್ಲಿದೆ. ಕ್ರಿಮಿನಾಲಜಿ ಎಂದರೆ ಅಪರಾಧ ಏಕೆ ನಡೆಯುತ್ತದೆ, ಜೈಲು ಏನು ಮಾಡುತ್ತದೆ, ಸಂತ್ರಸ್ತರ ಪಾಡೇನು ಎಂಬ ಅಧ್ಯಯನ. ಇದರ ಎಂಎಗೆ ಸಾಮಾನ್ಯವಾಗಿ ಕಲಾ ಪದವೀಧರರೂ ಅರ್ಹರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಇದು ಸಮಾಜಕಾರ್ಯದ ಜೊತೆ ಹೊಂದಿಕೊಂಡಿದೆ.

ಬಾಗಿಲು ತಪ್ಪಿದರೆ ಎರಡು ವರ್ಷ ಕೈಬಿಟ್ಟಂತೆಯೇ. ಕ್ರಿಮಿನಾಲಜಿ ಎಂಎ ಮಾಡಿದವರು ಕೋರ್ಟಿನಲ್ಲಿ ವಾದಿಸಲಾರರು. ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಗೆ ಎಲ್‌ಎಲ್‌ಎಂ ಕಡ್ಡಾಯವಲ್ಲ, ಪದವಿಯ ಮಟ್ಟಿಗೆ ಎಲ್‌ಎಲ್‌ಬಿ ಸಾಕು. ಸಿವಿಲ್ ನ್ಯಾಯಾಧೀಶರಾಗಬೇಕೆನ್ನುವವರಿಗೆ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿದೆ. ತರಗತಿಯಲ್ಲಿ ಕೂತು ಕಳೆದ ಎಲ್‌ಎಲ್‌ಎಂ ವರ್ಷ ವಕೀಲಿಕೆ ಎನಿಸುವುದಿಲ್ಲ. ಪ್ರವೇಶದ ಕೌಂಟರಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಹೇಳಿದರೆ ಸೀಟು ಖಾಲಿ ಉಳಿಯುತ್ತದಲ್ಲ!

ಬಾಗಿಲು ಗೊತ್ತಾದ ಮೇಲೆ, ಆ ಕಟ್ಟಡ ಅಸಲಿಯೇ ಎಂದು ನೋಡಬೇಕು. ಯುಜಿಸಿ ಕಾಯ್ದೆ 1956ರ ಕಲಂ 22ರ ಪ್ರಕಾರ ಪದವಿ ಕೊಡುವ ಅಧಿಕಾರ ಇರುವುದು ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯ, ಪರಿಗಣಿತ ವಿಶ್ವವಿದ್ಯಾಲಯ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ. 'ಸೈಬರ್ ಫೊರೆನ್ಸಿಕ್‌ನಲ್ಲಿ ಮಾಸ್ಟರ್ಸ್' ಎಂದು ಫ್ಲೆಕ್ಸ್ ಹಾಕಿದ ತರಬೇತಿ ಸಂಸ್ಥೆ ಕೊಡುವುದು ಪ್ರಮಾಣಪತ್ರವಷ್ಟೇ. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಗೋಕಾಕದ ವಿಳಾಸದ ಒಂದು ಹೆಸರು ಅದರಲ್ಲಿ ವರ್ಷಗಟ್ಟಲೆ ಇತ್ತು. ಇಂಥ ವಂಚನೆಗೆ ಕಲಂ 24 ವಿಧಿಸುವ ದಂಡ ಗರಿಷ್ಠ ಒಂದು ಸಾವಿರ ರೂಪಾಯಿ. 1956ರಲ್ಲಿ ಅದು ದೊಡ್ಡ ಮೊತ್ತ, ಈಗ ಒಂದು ಅರ್ಜಿ ಶುಲ್ಕಕ್ಕೆ ಸಮ. ಆದ್ದರಿಂದ ಶಿಕ್ಷೆಯ ಭಯ ವಂಚಕರನ್ನು ತಡೆಯುತ್ತದೆ ಎಂದು ನಂಬಿ ಕೂರಬೇಡಿ.

ಇನ್ನು ಪ್ರಾಸ್ಪೆಕ್ಟಸ್. ಪ್ರವೇಶದ ವಿಷಯದಲ್ಲಿ ವಿದ್ಯಾರ್ಥಿಯ ಕೈಯಲ್ಲಿರುವ ಅತಿ ದೊಡ್ಡ ಅಸ್ತ್ರ ಅದೇ. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳ ಪ್ರಕಾರ, ಪ್ರವೇಶ ಪ್ರಕ್ರಿಯೆ ಆರಂಭವಾಗುವುದಕ್ಕೆ ಕನಿಷ್ಠ 60 ದಿನ ಮೊದಲು ಅದು ಜಾಲತಾಣದಲ್ಲಿರಬೇಕು. ಸೀಟುಗಳ ಸಂಖ್ಯೆ, ಅರ್ಹತೆ, ವಯಸ್ಸಿನ ಮಿತಿ ಇದ್ದರೆ ಅದು, ಆಯ್ಕೆಯ ಕ್ರಮ, ಶುಲ್ಕದ ಒಂದೊಂದು ಬಾಬ್ತು, ವಾಪಸಾತಿಯ ಪ್ರಮಾಣ ಎಲ್ಲವೂ ಅದರಲ್ಲಿರಬೇಕು. ಪ್ರಾಸ್ಪೆಕ್ಟಸ್ ಕೊಳ್ಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಅರ್ಜಿ ಹಾಕಿದ ದಿನವೇ ಅದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ನಡುವೆ ಪುಟ ಬದಲಾದರೆ ನಿಮ್ಮ ಪ್ರತಿಯೇ ಸಾಕ್ಷಿ.

ಅರ್ಹತೆಯ ಲೆಕ್ಕದಲ್ಲಿ ಕರ್ನಾಟಕದವರಿಗೆ ಒಂದು ಕಿವಿಮಾತು. ಯುಜಿಸಿಯ 2024ರ ಪಠ್ಯಕ್ರಮ ಚೌಕಟ್ಟಿನಲ್ಲಿ ನಾಲ್ಕು ವರ್ಷದ ಆನರ್ಸ್ ಮಾಡಿದವರಿಗೆ ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಅವಕಾಶವಿದೆ. ನಮ್ಮ ರಾಜ್ಯ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಮೂರು ವರ್ಷ ಓದಿದವರು ಒಂದು ವರ್ಷದ ಕೋರ್ಸಿನ ಜಾಹೀರಾತು ನೋಡಿ ಹಣ ಕಟ್ಟಬಾರದು. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಾರದವರು ಸಾಮಾನ್ಯವಾಗಿ ಅರ್ಜಿ ಹಾಕಬಹುದು, ಆದರೆ ಅಂಕಪಟ್ಟಿ ಒಪ್ಪಿಸುವ ಗಡುವು ಬೇರೆಯೇ ಇರುತ್ತದೆ.

ನಮ್ಮ ಹುಡುಗರು ಹೆಚ್ಚು ಸೀಟು ಕಳೆದುಕೊಳ್ಳುವುದು ಜಾತಿ ಪ್ರಮಾಣಪತ್ರದ ಗೊಂದಲದಲ್ಲಿ ಎಂಬುದು ನನ್ನ ಅನಿಸಿಕೆ. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ವರ್ಗೀಕರಣ ಕೇಂದ್ರದ ಸಂಸ್ಥೆಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಪರಿಶಿಷ್ಟ ಜಾತಿಗೆ ಶೇ 15, ಪಂಗಡಕ್ಕೆ 7.5, ಒಬಿಸಿಗೆ 27, ಆರ್ಥಿಕವಾಗಿ ಹಿಂದುಳಿದವರಿಗೆ 10. ಒಬಿಸಿ ಮೀಸಲಾತಿ ಬೇಕಿದ್ದರೆ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿರಬೇಕು, ತಹಶೀಲ್ದಾರರಿಂದ ಕೇಂದ್ರದ ನಮೂನೆಯಲ್ಲೇ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ ಪಡೆದಿರಬೇಕು. ಕೆನೆಪದರದ ಎಂಟು ಲಕ್ಷ ರೂಪಾಯಿ ಆದಾಯ ಮಿತಿಯಲ್ಲಿ ತಂದೆ ತಾಯಿಯ ಸಂಬಳ ಮತ್ತು ಕೃಷಿ ಆದಾಯ ಲೆಕ್ಕಕ್ಕೆ ಸೇರುವುದಿಲ್ಲ. ಇದು ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದವರಿದ್ದಾರೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಿರಿ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕಿದೆ. ಆ ಹಣಕ್ಕಿಂತ, ಸಂಖ್ಯೆ ಇದ್ದಾಗ ಕಡತ ಓಡುತ್ತದೆ ಎಂಬುದೇ ದೊಡ್ಡ ಲಾಭ. ಕಲ್ಯಾಣ ಕರ್ನಾಟಕದವರಿಗೆ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 371ಜೆ ವಿಧಿಯಡಿ ಸ್ಥಳೀಯ ಮೀಸಲಾತಿ ಇದೆ, ಅದಕ್ಕೆ ಬೇರೆ ಅರ್ಹತಾ ಪತ್ರ ಬೇಕು. ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಲ್ಲಿ 2016ರ ಕಾಯ್ದೆಯಡಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ ಐದು ವರ್ಷ ಸಡಿಲಿಕೆ.

ಒಂದು ಕಡೆ ಹಣ ಕಟ್ಟಿ, ಮತ್ತೊಂದು ಕಡೆ ಒಳ್ಳೆಯ ಸೀಟು ಸಿಕ್ಕರೆ? ಕಟ್ಟಿದ ಹಣ ಹೋಯಿತೆಂದು ಕೈಚೆಲ್ಲುವವರೇ ಹೆಚ್ಚು. ಯುಜಿಸಿಯ 2018ರ ಅಧಿಸೂಚನೆ ಹೀಗಿದೆ: ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ ವಾಪಸು, ಸಂಸ್ಥೆ ಹಿಡಿದುಕೊಳ್ಳಬಹುದಾದ ಸಂಸ್ಕರಣಾ ವೆಚ್ಚ ಶೇ 5 ಮೀರಬಾರದು, ಅದೂ 5,000 ರೂಪಾಯಿ ದಾಟಬಾರದು. ಆ 15 ದಿನದ ಒಳಗೆ ಬಿಟ್ಟರೆ ಶೇ 90, ಕೊನೆಯ ದಿನ ಕಳೆದು 15 ದಿನದವರೆಗೆ ಶೇ 80, ಆಮೇಲೆ 30 ದಿನದವರೆಗೆ ಶೇ 50, ಅದನ್ನೂ ದಾಟಿದರೆ ಏನೂ ಇಲ್ಲ. ಲಿಖಿತ ಅರ್ಜಿ ತಲುಪಿದ 15 ದಿನದೊಳಗೆ ಹಣ ಕೊಡಬೇಕು. 2024–25ಕ್ಕೆ ಯುಜಿಸಿ ಇನ್ನೂ ಉದಾರವಾಗಿತ್ತು: ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ, ಅಕ್ಟೋಬರ್ 31ರವರೆಗೆ 1,000 ರೂಪಾಯಿಗೆ ಮೀರದ ಕಡಿತ. ಹೀಗೆ ವರ್ಷದ ಸುತ್ತೋಲೆ ಬೇರೆಯಾಗುವುದರಿಂದ ನೀವು ಸೇರುವ ವರ್ಷದ್ದನ್ನು ತೆಗೆದು ನೋಡಿ.

ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳುವ ಅಧಿಕಾರ ಯಾವ ಕಾಲೇಜಿಗೂ ಇಲ್ಲ. ಪ್ರವೇಶದ ಹೊತ್ತಿಗೆ ಪರಿಶೀಲಿಸಿ ಅಲ್ಲೇ ಹಿಂತಿರುಗಿಸಬೇಕು. 'ಪೂರ್ತಿ ಕೋರ್ಸಿನ ಫೀಸು ಕಟ್ಟಿ, ಮಾರ್ಕ್ಸ್ ಕಾರ್ಡ್ ತಗೊಂಡು ಹೋಗಿ' ಎಂಬ ಮಾತು ಕಾನೂನಿಗೆ ವಿರುದ್ಧ. ಮುಂಗಡವಾಗಿ ಪಡೆಯಬಹುದಾದದ್ದು ಆಯಾ ಸೆಮಿಸ್ಟರಿನ ಅಥವಾ ವರ್ಷದ ಶುಲ್ಕ ಮಾತ್ರ.

ಅನ್ಯಾಯವಾದರೆ ಮೊದಲ ದೂರು ಸಂಸ್ಥೆಯ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ. ಬಾಯಿಮಾತು ಬೇಡ; ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ಇಲ್ಲವೇ ಇಮೇಲ್ ಮಾಡಿ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ನಿವೃತ್ತ ಕುಲಪತಿ, ನಿವೃತ್ತ ಪ್ರಾಧ್ಯಾಪಕರು ಅಥವಾ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಈ ಸ್ಥಾನದಲ್ಲಿರುತ್ತಾರೆ. ಸುಳ್ಳು ದೂರು ಕೊಟ್ಟವರ ಮೇಲೂ ಕ್ರಮಕ್ಕೆ ಅವರು ಶಿಫಾರಸು ಮಾಡಬಹುದು. ವಿಶ್ವವಿದ್ಯಾಲಯವೇ ನಡೆಸಿದ ಪ್ರವೇಶ ಪರೀಕ್ಷೆಯ ಉತ್ತರ ಪತ್ರಿಕೆ ನೋಡಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ತನ್ನದೇ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಎತ್ತಿಹಿಡಿದಿದೆ.

ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ ಎನ್ನುವವರು ಸ್ವಲ್ಪ ಯೋಚಿಸಿ. ಶಿಕ್ಷಣ ಸರಕಲ್ಲ, ವಿದ್ಯಾರ್ಥಿ ಗ್ರಾಹಕನಲ್ಲ ಎಂಬ ಅರ್ಥದ ತೀರ್ಪುಗಳಿವೆ. ಅಲ್ಲಿ ವರ್ಷ ಕಳೆಯುವುದರೊಳಗೆ ತರಗತಿಯೇ ಮುಗಿದಿರುತ್ತದೆ. ಸೀಟಿನ ತುರ್ತು ಪ್ರಶ್ನೆಗೆ ಹೈಕೋರ್ಟಿನ ರಿಟ್ ಅರ್ಜಿಯೇ ಸರಿಯಾದ ದಾರಿ. ಬೆಂಗಳೂರಿನ ಜೊತೆಗೆ ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. 17,500 ರೂಪಾಯಿ ಕಟ್ಟುವ ಗಡುವು ತಪ್ಪಿದ ದಲಿತ ಹುಡುಗನಿಗೆ ಧನಬಾದ್ ಐಐಟಿಯಲ್ಲಿ ಸೀಟು ಕೊಡಿಸಿದ 2024ರ ಸುಪ್ರೀಂ ಕೋರ್ಟ್ ಆದೇಶವನ್ನು ಹಲವರು ನೆನೆಯುತ್ತಾರೆ. ಅದು ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರದಿಂದ ಬಂದದ್ದು, ಆ ಅಧಿಕಾರ ಹೈಕೋರ್ಟಿಗಿಲ್ಲ. ಅದನ್ನು ನೆಚ್ಚಿ ಗಡುವು ಮೀರಬೇಡಿ.

ವಕೀಲರ ಶುಲ್ಕ ಕಷ್ಟವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯ ಕಲಂ 12ರಡಿ ವಕೀಲರ ನೆರವು ಉಚಿತ.