ಶಾಲೆಯ ಲೆಕ್ಕವೂ ತೋಡಿನ ಕಟ್ಟವೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆ ಮಳೆಯು ಧಾರಾಳವಾಗಿ ಸುರಿದರೂ ಬೇಸಗೆಯಲ್ಲಿ ಅನೇಕ ತೋಡುಗಳು ಬತ್ತಿ ಅಡಿಕೆ ತೋಟಗಳು ಬಾಡುವುವು. ಇದಕ್ಕೆ ಹಿರಿಯರು ಕಂಡ ಉಪಾಯವೇ ಕಟ್ಟ. ಮಳೆ ನಿಂತ ಬಳಿಕ ತೋಡಿಗೆ ಅಡ್ಡಲಾಗಿ ಕಲ್ಲುಮಣ್ಣನ್ನಾಗಲಿ ಮರಳುಚೀಲಗಳನ್ನಾಗಲಿ ಒಟ್ಟಿದರೆ, ತಡೆದ ನೀರು ನೆಲಕ್ಕಿಳಿದು ಸುತ್ತಲಿನ ಬಾವಿಗಳಿಗೆ ಒರತೆಯಾಗುವುದು. ಮುಂದಿನ ಮಳೆಗಾಲಕ್ಕೆ ಮುನ್ನ ಅದನ್ನು ಬಿಚ್ಚತಕ್ಕದ್ದು. ಕೊಳವೆಬಾವಿಗಳು ಹೆಚ್ಚಿದಂತೆ ಈ ಕೂಡುಕೆಲಸವು ಹಲವೆಡೆ ನಿಂತುಹೋಗಿದೆ.

ಇದನ್ನು ಶಾಲೆಯ ಪಾಠದೊಡನೆ ಸೇರಿಸಬಹುದು. ತೋಡಿನ ಅಗಲವು 2 ಮೀಟರ್, ಸರಾಸರಿ ಆಳವು 20 ಸೆಂಟಿಮೀಟರ್ ಇದ್ದು, ತೇಲಿಬಿಟ್ಟ ಮರದ ತುಂಡು 10 ಮೀಟರನ್ನು 40 ಸೆಕೆಂಡುಗಳಲ್ಲಿ ದಾಟಿದರೆ, ಹರಿವು ಸೆಕೆಂಡಿಗೆ 100 ಲೀಟರ್. ಮೇಲಿನ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ ಐದರಲ್ಲೊಂದು ಪಾಲನ್ನು ಕಳೆದು 80 ಲೀಟರೆಂದು ಎಣಿಸತಕ್ಕದ್ದು. ಹಾಗಾದರೆ ಗಂಟೆಗೆ 2,88,000 ಲೀಟರ್ ನೀರು ಊರು ಬಿಟ್ಟು ಹೋಗುತ್ತಿದೆಯೆಂದು ಬಾಲಕರೇ ತೋರಿಸಿಕೊಡುವರು. ಕಟ್ಟ ಕಟ್ಟಿದ ಮೇಲೆ ವಾರಕ್ಕೊಮ್ಮೆ ಬಾವಿಯ ನೀರಿನ ಮಟ್ಟವನ್ನು ಹಿರಿಯರ ಸಮಕ್ಷಮದಲ್ಲಿ ಅಳೆದು ಶಾಲೆಯ ಗೋಡೆಯ ಮೇಲೆ ಬರೆಯಲಿ.

ಬಂಟ್ವಾಳ ತಾಲೂಕಿನ ಅಮೈ ಮಹಾಲಿಂಗ ನಾಯ್ಕರು ಒಂಟಿಯಾಗಿ ಸುರಂಗ ತೋಡಿ, ಬರಡು ಗುಡ್ಡವನ್ನು ತೋಟವಾಗಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಒಬ್ಬರಿಂದ ಇಷ್ಟು ಸಾಧ್ಯವಾದಲ್ಲಿ ಊರೆಲ್ಲ ಕೂಡಿದರೆ ಏನಾಗದು?

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲಿಕರೂ ತೋಡಿನ ಹರಿವು ಕುಗ್ಗುವ ಮೊದಲೇ ಉಪಾಧ್ಯಾಯರೊಡನೆ ಸಮಾಲೋಚಿಸಿ, ಚೀಲಗಳನ್ನೂ ಆಳುಗಳನ್ನೂ ಒದಗಿಸಬೇಕು. ಭಾರದ ಕೆಲಸವು ದೊಡ್ಡವರದು; ಅಳತೆಯೂ ಲೆಕ್ಕವೂ ಮಕ್ಕಳದಾಗಿರಲಿ.