ಅಡುಗೆಮನೆಯೆಂಬ ಪ್ರಯೋಗಶಾಲೆ

ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆಂದು ಪ್ರಾಥಮಿಕ ತರಗತಿಯ ಮಕ್ಕಳನ್ನು ಕೇಳಿದರೆ ‘ನೂರು’ ಎಂಬ ಉತ್ತರ ಒಕ್ಕೊರಲಿನಿಂದ ಬರುತ್ತದೆ. ಅದೇ ಮಕ್ಕಳೆದುರಿಗೆ ಹಲಸೂರಿನಲ್ಲೋ ಇಂದಿರಾನಗರದಲ್ಲೋ ಒಂದು ಪಾತ್ರೆ ನೀರನ್ನು ಕುದಿಸಿ ಉಷ್ಣಮಾಪಕವನ್ನಿಟ್ಟರೆ, ಅದು ೯೭ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ; ಉರಿ ಎಷ್ಟು ಹೆಚ್ಚಿಸಿದರೂ ಮೇಲೇರದು. ಆಗ ಎಷ್ಟೋ ಮಕ್ಕಳು ಕಣ್ಣಾರೆ ಕಂಡುದನ್ನು ಬಿಟ್ಟು ಪುಸ್ತಕದ ನೂರನ್ನೇ ಬರೆಯುತ್ತಾರೆ. ಉಪಾಧ್ಯಾಯರು ಅದಕ್ಕೆ ‘ಸರಿ’ ಗುರುತು ಹಾಕಿದರೆಂದರೆ ಆ ಮಗುವಿನ ವಿಜ್ಞಾನ ಅಲ್ಲಿಗೇ ಮುಗಿಯಿತು.

ಪುಸ್ತಕವೂ ಸುಳ್ಳಲ್ಲ, ಕಣ್ಣೂ ಸುಳ್ಳಲ್ಲ. ನೂರು ಡಿಗ್ರಿಯೆಂಬುದು ಸಮುದ್ರಮಟ್ಟದ ಮಾತು, ಮಂಗಳೂರಿಗೆ ಸಲ್ಲುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಅಲ್ಲಿಯ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಮೇಲಿನಿಂದ ಅದುಮುವ ಗಾಳಿಯ ಬಲ ಕಡಿಮೆಯಾದುದರಿಂದ ನೀರು ಬೇಗನೆ ಆವಿಯಾಗಿ ಚಿಮ್ಮುತ್ತದೆ. ಕುಕ್ಕರಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಆವಿ ಒಳಗೇ ಕೂಡಿಕೊಂಡು ಒತ್ತಡ ಏರಿ, ನೀರು ೧೨೦ ಡಿಗ್ರಿಯ ಸಮೀಪದವರೆಗೂ ಕಾಯುತ್ತದೆ. ತೊಗರಿಬೇಳೆ ಬೇಗ ಬೇಯುವ ಗುಟ್ಟು ಇದೇ. ಕುದಿಸುವ ಕೆಲಸವನ್ನು ದೊಡ್ಡವರೇ ಮಾಡತಕ್ಕದ್ದು, ಓದಿ ಹೇಳುವುದು ಮಕ್ಕಳ ಪಾಲು. ಮಾಪಕದ ಬುರುಡೆ ಪಾತ್ರೆಯ ತಳಕ್ಕೆ ತಾಗಬಾರದು. ಜ್ವರ ನೋಡುವ ಮಾಪಕವನ್ನು ಮಾತ್ರ ಎಂದಿಗೂ ಬಳಸಕೂಡದು: ಅದರ ಅಳತೆ ೪೨ ಡಿಗ್ರಿಗೇ ಮುಗಿಯುವುದರಿಂದ ಕುದಿನೀರಿನಲ್ಲಿ ಒಡೆದುಹೋಗುತ್ತದೆ. ದಾನಿಗಳು ಗಾಜಿನ ಬೀರುವಿಗೆ ಕೊಡುವ ಹಣದಲ್ಲಿ ಕೊಂಚವನ್ನು ೧೧೦ ಡಿಗ್ರಿಯವರೆಗಿನ ಉಷ್ಣಮಾಪಕಗಳಿಗೆ ಮೀಸಲಿಟ್ಟರೆ ಉಪಕಾರವಾದೀತು. ಬೀರುವಿಗೆ ಬೀಗ ಬೀಳುತ್ತದೆ, ಮಾಪಕ ಕೈಯಿಂದ ಕೈಗೆ ಹೋಗುತ್ತದೆ.

ಅರಿಶಿನದ ಪ್ರಯೋಗಕ್ಕೆ ಬೆಂಕಿಯೇ ಬೇಡ. ಅರಿಶಿನವನ್ನು ನೀರಿನಲ್ಲಿ ಕಲಸಿ ಬಿಳಿಯ ಕಾಗದಕ್ಕೆ ಬಳಿದು ಒಣಗಿಸಬೇಕು. ಅದರ ಮೇಲೆ ಸಾಬೂನಿನ ನೀರಿನ ಹನಿ ಬಿದ್ದರೆ ಕೆಂಪಾಗುತ್ತದೆ. ನಿಂಬೆರಸವನ್ನೋ ಹುಣಿಸೆರಸವನ್ನೋ ಹಾಕಿದರೆ ಮರಳಿ ಹಳದಿ. ಅಂಗಿಯ ಮೇಲಿನ ಸಾರಿನ ಕಲೆ ಒಗೆಯುವಾಗ ಕೆಂಪಾಗುವುದನ್ನು ತಾಯಂದಿರೆಲ್ಲ ಬಲ್ಲರು. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಗುಣದ ಬಲದಿಂದ. ಬೂದಿಯನ್ನು ಕದಡಿ ತಿಳಿಯಾದ ನೀರೂ ಕ್ಷಾರವೇ. ಇಂದಿನ ಮನೆಗಳಲ್ಲಿ ಸೌದೆಯೊಲೆಯ ಬೂದಿ ಎಲ್ಲಿಯದು? ಇದ್ದಿಲ ಇಸ್ತ್ರಿಪೆಟ್ಟಿಗೆ ಬಳಸುವ ಅಂಗಡಿಯಲ್ಲಿ ಕೇಳಿದರೆ ಒಂದು ಹಿಡಿ ಸಿಕ್ಕೀತು. ಸುಣ್ಣ ಕಣ್ಣಿಗೆ ಅಪಾಯಕರ. ಅದು ಉಪಾಧ್ಯಾಯರ ಕೈಯಲ್ಲೇ ಇರಲಿ.

ಹಲಸೂರಿಗೆ ಹಲಸಿನ ತೋಪಿನಿಂದ ಹೆಸರು ಬಂದಿತೆಂದು ಹೇಳುವುದುಂಟು. ತೋಪು ಹೋದರೂ ಹಣ್ಣಿನ ಕಾಲದಲ್ಲಿ ಗಾಡಿಗಳು ತಪ್ಪವು. ಹಲಸು ಕೊಯ್ಯುವವರು ಕೈಗೆ ಎಣ್ಣೆ ಸವರಿಕೊಳ್ಳುವುದೇಕೆಂದು ಮಕ್ಕಳು ಕೇಳಲಿ. ಎರಡು ಚಮಚಗಳಿಗೆ ಹಲಸಿನ ಅಂಟು ಮೆತ್ತಿ, ಒಂದನ್ನು ಬರಿಯ ನೀರಿನಿಂದಲೂ ಇನ್ನೊಂದನ್ನು ಕೊಬ್ಬರಿ ಎಣ್ಣೆಯಿಂದಲೂ ಉಜ್ಜಲಿ. ನೀರಿಗೆ ಜಗ್ಗದ ಅಂಟು ಎಣ್ಣೆಗೆ ಸಡಿಲವಾಗುವುದನ್ನು ಅವರ ಬೆರಳುಗಳೇ ತಿಳಿಸುತ್ತವೆ.

ಇಲ್ಲಿ ಒಂದು ಮಾತು. ದಾಸೋಹವನ್ನು ಪೂಜೆಯಷ್ಟೇ ಹಿರಿದೆಂದು ಬಗೆದ ಶರಣರ ಪರಂಪರೆಯ ಶಾಲೆಗಳಲ್ಲಿ, ಅಡುಗೆಮನೆ ಹೆಣ್ಣುಮಕ್ಕಳಿಗೆ ಮಾತ್ರವೆಂಬ ಭಾವನೆ ಸಲ್ಲದು. ಸೌಟು ಹಿಡಿಯದ ಗಂಡುಮಗುವಿಗೆ ಈ ಪಾಠದ ಅರ್ಧಭಾಗ ತಪ್ಪಿಹೋಗುತ್ತದೆ. ೧೯೬೫ರಲ್ಲಿ ಸಾರ್ವಜನಿಕರಿಗೆ ತೆರೆದ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವುದು ಒಳ್ಳೆಯದೇ. ಆದರೆ ಅದು ವರ್ಷಕ್ಕೊಮ್ಮೆ, ಅಡುಗೆಮನೆ ದಿನಕ್ಕೆ ಮೂರು ಬಾರಿ.

ಕಡೆಯದಾಗಿ ಮೊಸರು. ಶಿವಾಜಿನಗರದ ತರಗತಿಯೊಂದರಲ್ಲಿ ಇದಕ್ಕೆ ತಯಿರ್, ಪೆರುಗು, ದಹೀ ಎಂಬ ಹೆಸರುಗಳೆಲ್ಲ ಕೇಳಿಬಂದಾವು. ‘ಹೆಪ್ಪು’ ಎಂಬ ಕನ್ನಡದ ಮಾತನ್ನು ಎಲ್ಲರೂ ಕಲಿಯಲು ಇದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಡಿಸೆಂಬರಿನ ಸಂಜೆ ಮೂರು ಲೋಟಗಳಲ್ಲಿ ಸಮನಾಗಿ ಹಾಲು ತೆಗೆದುಕೊಂಡು, ಎರಡರಲ್ಲಿ ಉಗುರುಬೆಚ್ಚಗಿರುವಾಗ ಹೆಪ್ಪು ಹಾಕಬೇಕು. ಒಂದನ್ನು ಕಿಟಕಿಯ ಬಳಿ ಇಟ್ಟು, ಮತ್ತೊಂದಕ್ಕೆ ಕಂಬಳಿ ಸುತ್ತಬೇಕು. ಮೂರನೆಯದಕ್ಕೆ ದೊಡ್ಡವರು ಕುದಿಯುವ ಹಾಲಿಗೇ ಹೆಪ್ಪು ಬೆರೆಸಿ, ಅದಕ್ಕೂ ಕಂಬಳಿ ಸುತ್ತಲಿ. ಮಲಗುವ ಮುನ್ನ ಪ್ರತಿಯೊಂದು ಮಗುವೂ ತನ್ನ ಊಹೆಯನ್ನು ಬರೆದಿಡಬೇಕು; ಬೆಳಿಗ್ಗೆ ಅದನ್ನು ಅಳಿಸಲು ಬಿಡಬಾರದು. ಹೆಪ್ಪಿನ ಜೀವಾಣುಗಳು ಚಳಿಯಲ್ಲಿ ಮಂದವಾಗುತ್ತವೆ, ಕುದಿಯಲ್ಲಿ ಸಾಯುತ್ತವೆ. ಈ ಕಾರಣವನ್ನು ಲೋಟಗಳ ಮುಚ್ಚಳ ತೆಗೆದ ಬಳಿಕವಷ್ಟೇ ಉಪಾಧ್ಯಾಯರು ಹೇಳಲಿ.